ಇಪ್ಪತ್ಮೂರು ಹಸಿರು ಚೀಟಿಗಳು

ಮೂರನೆಯ ತರಗತಿಯ ಆ ಟೀಚರಮ್ಮನನ್ನು ಕೆಟ್ಟವಳೆಂದು ಹೇಳಿದವರು ಒಬ್ಬರೂ ಸಿಕ್ಕುವುದಿಲ್ಲ. ಈ ಕತೆಯನ್ನು ಹೇಳುವವರೆಲ್ಲ ಆಕೆಯ ಒಳ್ಳೆಯತನದಿಂದಲೇ ಮಾತು ತೆಗೆಯುತ್ತಾರೆ. ಕೇಳುವವರಿಗೆ ಅಳುಕು ಹುಟ್ಟುವುದೂ ಅಲ್ಲಿಂದಲೇ.

ಆಕೆಯ ತರಗತಿಯ ಮೂವತ್ತೊಂದು ಮಕ್ಕಳಲ್ಲಿ ಒಬ್ಬರ ಮನೆಯಲ್ಲೂ ಇಂಗ್ಲಿಷಿನ ಸುಳಿವಿರಲಿಲ್ಲ. ಆದರೂ ಇಡೀ ಪುಸ್ತಕ ಬಾಯಿಪಾಠ. ಪುಸ್ತಕವನ್ನು ತಲೆಕೆಳಗಾಗಿ ಹಿಡಿದರೂ ಗಿಳಿಗಳಂತೆ ಒಪ್ಪಿಸಿ, ಸರಿಯಾದ ಕಡೆ ಹಾಳೆ ಮಗುಚುತ್ತಿದ್ದರು. ಒಮ್ಮೆ ಆಕೆ ಯಾರೂ ಕಾಣದ ಹೊಸ ಹಾಳೆಯೊಂದನ್ನು ಕೈಗಿತ್ತಳು. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬಂದೀತು. ಆ ಕೋಣೆಯಿಂದ ಅದೂ ಬರಲಿಲ್ಲ.

ರಜೆಯಲ್ಲಿ ಹತ್ತು ದಿನದ ತರಬೇತಿಗೆ ಹೋಗಿ ಆಕೆ ಫೋನಿಕ್ಸ್ ಎಂಬ ಓದಿನ ಪದ್ಧತಿ ಕಲಿತು ಬಂದಳು. ಅಕ್ಷರದ ಹೆಸರು ಬೇಡ, ಅಕ್ಷರದ ದನಿ ಸಾಕು. ಮೂರು ದನಿಗೆ ಮೇಜಿನ ಮೇಲೆ ಮೂರು ಬೆರಳು ತಟ್ಟುವುದು, ಆಮೇಲೆ ಅಂಗೈಯನ್ನು ಉದ್ದಕ್ಕೆ ಜಾರಿಸಿ ದನಿಗಳನ್ನು ಬೆಸೆಯುವುದು. ಚಿತ್ರ ನೋಡಿ ಊಹಿಸಬಾರದೆಂದು ಪುಸ್ತಕದ ಚಿತ್ರಗಳ ಮೇಲೆಲ್ಲ ಕಂದು ಕಾಗದ ಅಂಟಿಸಿದಳು. ದನಿಯ ಪೀರಿಯಡ್‌ನಲ್ಲಿ ಯಾರೂ ಅರ್ಥ ಕೇಳಕೂಡದು ಎಂಬ ಕಟ್ಟಳೆಯನ್ನೂ ಮಾಡಿದಳು. ಅರ್ಥಕ್ಕೆಂದು ಬೇರೊಂದು ಪೀರಿಯಡ್ ತಪ್ಪದೆ ಇರಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದು ವೇಳಾಪಟ್ಟಿಯಲ್ಲಿ ಇತ್ತು ಕೂಡ. ತಪಾಸಣೆಯ ದಿನ ಹತ್ತಿರ ಬಂದಂತೆ ಆಕೆ ಅದನ್ನೂ ದನಿಗೇ ಕೊಟ್ಟುಬಿಟ್ಟಳು. ಅರ್ಥ ಎಲ್ಲಿ ಓಡಿಹೋಗುತ್ತದೆ, ಮುಂದಿನ ವರ್ಷ ನೋಡಿಕೊಂಡರಾಯಿತು ಎಂದುಕೊಂಡಳು.

ಆರು ತಿಂಗಳಾಗುವುದರೊಳಗೆ ಇಪ್ಪತ್ಮೂರು ಮಕ್ಕಳು ಕಾಣದ ಹಾಳೆಯನ್ನು ಅರಳು ಹುರಿದಂತೆ ಓದತೊಡಗಿದರು. ತಪಾಸಣೆಗೆ ಬಂದವರು ಬೆರಗಾದರು. ಆಕೆ ಆ ಇಪ್ಪತ್ಮೂರು ಮಕ್ಕಳಿಗೂ ಒಂದೊಂದು ಹಸಿರು ಚೀಟಿ ಬರೆದುಕೊಟ್ಟಳು: ‘ಈ ಮಗು ಇಂಗ್ಲಿಷ್ ಓದಬಲ್ಲದು.’ ಕೆಳಗೆ ಶಾಲೆಯ ಮೊಹರು.

ಮೊದಲ ಚೀಟಿ ಪಡೆದವಳನ್ನು ಎಲ್ಲರೂ ಚಿನಕುರಳಿ ಎಂದೇ ಕರೆಯುತ್ತಿದ್ದರು. ಆ ಮನೆಯಲ್ಲಿ ತಾಯಿ, ಮಗಳು ಇಬ್ಬರೇ. ತಾಯಿಗೆ ಮೂರು ಬೀದಿಯಾಚೆಯ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ಕೆಲಸ. ಚೀಟಿ ಬಂದ ದಿನ ಆಕೆ ಶಾಲೆಯ ಬಾಗಿಲಿಗೇ ಬಂದು, ಇಡೀ ಲಾಂಡ್ರಿಯಲ್ಲಿ ನನ್ನ ಮಗಳಷ್ಟು ಓದಿದವರಿಲ್ಲ, ಸೂಪರ್‌ವೈಸರ್ರೂ ಇಲ್ಲ ಎಂದು ಹೇಳಿ ನಕ್ಕು ಹೋಗಿದ್ದಳು.

ಅದೇ ವಾರ ಒಂದು ಚಿಕ್ಕ ಸಂಗತಿ ನಡೆಯಿತು. ಅಂಗಳದ ಬೆಂಚಿಗೆ ಬಣ್ಣ ಬಳಿದು, ‘ಬಣ್ಣ ಹಸಿ’ ಎಂದು ಇಂಗ್ಲಿಷಿನಲ್ಲಿ ಬರೆದ ರಟ್ಟನ್ನು ತೂಗುಹಾಕಿದ್ದರು. ಚಿನಕುರಳಿ ಅದರೆದುರು ನಿಂತು, ಬೆರಳು ತಟ್ಟಿ, ಒಂದಕ್ಷರವೂ ತಪ್ಪದಂತೆ ಗಟ್ಟಿಯಾಗಿ ಓದಿ, ಆ ಬೆಂಚಿನ ಮೇಲೆಯೇ ಕುಳಿತಳು. ಲಂಗದ ಹಿಂದೆ ಮೂಡಿದ ಪಟ್ಟೆಗಳನ್ನು ಕಂಡು ಪಕ್ಕದ ತರಗತಿಯ ಮೇಷ್ಟ್ರು, ‘ನಿಮ್ಮ ವಿದ್ಯೆ ಅಂಟಿಕೊಂಡಿದೆ ನೋಡಿ’ ಎಂದರು. ಎಲ್ಲರೂ ನಕ್ಕರು. ಟೀಚರಮ್ಮನೂ ನಕ್ಕಳು.

ಲಾಂಡ್ರಿಯಲ್ಲಿ ಒಂದು ನಿಯಮವಿತ್ತು. ಹೊಸ ಸರಕು ಬಂದರೆ ಅದರೊಂದಿಗೆ ಬರುವ ಇಂಗ್ಲಿಷಿನ ಎಚ್ಚರಿಕೆಯ ಕಾಗದವನ್ನು ಎಲ್ಲ ಕೆಲಸಗಾರರ ಎದುರು ಓದಿ ಸಹಿ ಪಡೆಯಬೇಕು. ಅಲ್ಲಿಯವರೆಗೆ ಪೀಪಾಯಿಯ ಮುಚ್ಚಳ ತೆಗೆಯುವಂತಿಲ್ಲ. ಹಿಂದೆಲ್ಲ ಓದುತ್ತಿದ್ದವನು ಗೇಟಿನ ಮುದುಕ. ಅವನು ಕನ್ನಡಕ ಏರಿಸಿ, ತಡವರಿಸಿ, ತಿಳಿಯದ ಪದಕ್ಕೆಲ್ಲ ಆಸ್ಪತ್ರೆಯ ಔಷಧಿಯವನಿಗೆ ಫೋನು ಮಾಡಿ ಕೇಳಿ, ಒಂದು ಪುಟಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ. ಅಷ್ಟು ಹೊತ್ತು ಯಂತ್ರಗಳು ನಿಂತಿರುತ್ತಿದ್ದವು. ಸೂಪರ್‌ವೈಸರನಿಗೆ ಅದು ಹಲ್ಲುನೋವಿನಂತಹ ಸಂಕಟ.

ಹೊಸ ಪೀಪಾಯಿಗಳು ಬಂದ ದಿನ ಚಿನಕುರಳಿ ಬೆಳಿಗ್ಗೆ ಶಾಲೆಗೆ ಬರಲಿಲ್ಲ. ಮಧ್ಯಾಹ್ನದ ಗಂಟೆ ಹೊಡೆದ ಮೇಲೆ, ಮುಖವೆಲ್ಲ ಬೆಳಗಿಕೊಂಡು ಒಳಗೆ ಬಂದಳು.

‘ಮಿಸ್, ಅಮ್ಮನ ಲಾಂಡ್ರಿಗೆ ಬಟ್ಟೆ ಬೆಳ್ಳಗೆ ಮಾಡೋ ಹೊಸ ಬಿಳಿನೀರು ಬಂದಿದೆ. ಅದರ ಕಾಗದ ನಾನೇ ಓದಿದ್ದು. ನಲವತ್ತು ಜನ ಕೂತು ಕೇಳಿದ್ರು. ಒಂದೂ ತಪ್ಪಿಲ್ಲ.’

ಟೀಚರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನೆನಪಿದ್ದಷ್ಟು ಹೇಳು ಎಂದಳು. ಹುಡುಗಿ ಕೈ ಕಟ್ಟಿ ನಿಂತು, ಬಾಯಿಪಾಠದ ಹಳೆಯ ಗತ್ತಿನಲ್ಲಿ ಹೇಳತೊಡಗಿದಳು. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಟೀಚರಮ್ಮನ ನಗು ಮುಖದಲ್ಲೇ ಒಣಗಿತು. ಇದನ್ನು ಆಸಿಡ್ಡಿನ ಜೊತೆ ಎಂದಿಗೂ ಬೆರೆಸಬೇಡಿ, ಬೆರೆಸಿದರೆ ಏಳುವ ಗಾಳಿ ಪ್ರಾಣ ತೆಗೆಯುತ್ತದೆ ಎಂದಿತ್ತು ಆ ಸಾಲು.

ಲಾಂಡ್ರಿಯ ಹೆಂಗಸರ ರೂಢಿಯನ್ನು ಚಿನಕುರಳಿಯ ತಾಯಿಯ ಬಾಯಿಂದಲೇ ಆಕೆ ಕೇಳಿದ್ದಳು. ಹಳೆಯ ಬಿಳುಪಿನ ಪುಡಿ ಸಾಧುವಾದದ್ದು. ಒಂದು ಸಲ ಜಾಲಿಸುವ ಶ್ರಮ ಉಳಿಯಲೆಂದು, ಪುಡಿಯ ನೀರನ್ನೂ, ಅವರು ಹುಳಿನೀರು ಎನ್ನುತ್ತಿದ್ದ ಆಸಿಡ್ಡನ್ನೂ ಒಂದೇ ತೊಟ್ಟಿಗೆ ಸುರಿದು ವರ್ಷಗಟ್ಟಲೆ ಒಗೆದಿದ್ದರು. ಏನೂ ಆಗಿರಲಿಲ್ಲ.

‘ಇದರ ಅರ್ಥ ಏನು ಅಂತ ಅವರಿಗೆ ಯಾರಾದ್ರೂ ಹೇಳಿದ್ರಾ ಪುಟ್ಟಿ?’

ಹುಡುಗಿ ತನ್ನನ್ನು ಪರೀಕ್ಷಿಸುತ್ತಿದ್ದಾರೆಂದು ತಿಳಿದು ಹೆಮ್ಮೆಯಿಂದ ನುಡಿದಳು. ‘ಇಲ್ಲ ಮಿಸ್. ಗೇಟಿನ ತಾತ ಒಬ್ಬರೇ ಕೇಳಿದ್ರು, ಹಂಗಂದ್ರೇನಮ್ಮ ಅಂತ. ಓದೋವಾಗ ಅರ್ಥ ಕೇಳಬಾರದು ತಾತ ಅಂದೆ. ಎಲ್ಲರೂ ಅವರನ್ನ ಸುಮ್ಮನಿರಿಸಿದ್ರು.’

ತರಗತಿಯನ್ನು ಯಾರಿಗೆ ಒಪ್ಪಿಸಿದಳೋ ಆಕೆಗೇ ನೆನಪಿಲ್ಲ. ಮೊದಲ ಬೀದಿಯನ್ನು ನಡೆದಳು, ಉಳಿದ ಎರಡನ್ನು ಓಡಿದಳು. ಗೇಟಿನಲ್ಲಿ ಸೂಪರ್‌ವೈಸರ್ ಕಡತ ಹಿಡಿದು ನಿಂತಿದ್ದ. ತೊಟ್ಟಿಯ ಕೆಲಸ ನಿಲ್ಲಿಸಿ ಎಂದಳು.

‘ಯಾಕೆ ಮೇಡಂ? ಓದಿ ಆಯ್ತಲ್ಲ. ನಲವತ್ತು ಸಹಿ ಇದೆ, ನಿಮ್ಮದೇ ಮೊಹರಿನ ಚೀಟಿ ಇದೆ.’

‘ಓದಿದ್ದಾಳೆ. ತಿಳಿಸಿಲ್ಲ.’

‘ತಿಳಿಸಬೇಕು ಅಂತ ನಿಯಮದಲ್ಲಿ ಎಲ್ಲಿದೆ ತೋರಿಸಿ.’ ಅವನ ದನಿಯಲ್ಲಿ ಕೇಡಿರಲಿಲ್ಲ. ಅವನೂ ಮುಂದಿನ ಸಾಲಿನಲ್ಲೇ ಕುಳಿತು, ತಲೆದೂಗಿ ಕೇಳಿದವನು.

ಆಕೆ ಅವನನ್ನು ಸರಿಸಿ ಒಳನುಗ್ಗಿದಳು. ಒಗೆಯುವ ಕೋಣೆಯ ತುಂಬ ಹಬೆ, ಯಂತ್ರಗಳ ಮೊರೆತ. ಚಿನಕುರಳಿಯ ತಾಯಿ ಕೊನೆಯ ತೊಟ್ಟಿಯ ಬಳಿ ಇದ್ದಳು. ಬಿಳಿನೀರಿನ ಖಾಲಿ ಕ್ಯಾನು ಕಾಲ ಬಳಿ ಬಿದ್ದಿತ್ತು, ಹುಳಿನೀರಿನದು ಕೈಯಲ್ಲಿತ್ತು. ಟೀಚರಮ್ಮ ಬೇಡ, ಬೇಡ ಎಂದು ಕೂಗಿದ್ದು ತನ್ನ ಕಿವಿಗೇ ಬೀಳಲಿಲ್ಲ. ತಾಯಿ ತಲೆಯೆತ್ತಿ ಆಕೆಯನ್ನು ಕಂಡಳು. ಮಗಳನ್ನು ಹೊಗಳಲು ಟೀಚರಮ್ಮನೇ ಇಲ್ಲಿಯವರೆಗೆ ಬಂದಿದ್ದಾರೆಂದು ತಿಳಿದಳು. ಮುಖ ಅರಳಿಸಿ ನಕ್ಕಳು. ನಗುತ್ತಲೇ ಕ್ಯಾನನ್ನು ಬಗ್ಗಿಸಿದಳು.

ಗಂಟಲು ಹಿಡಿಯುವ ವಾಸನೆ ಮೊದಲು ಬಂತು, ಆಮೇಲೆ ನೆಲ ತೆವಳುವ ಹಳದಿ ಮಬ್ಬು. ಗೇಟಿನ ಮುದುಕ ಬಾಗಿಲುಗಳನ್ನೆಲ್ಲ ದೂಡಿ ತೆಗೆದ. ಇಸ್ತ್ರಿಯ ಹೆಂಗಸರಿಬ್ಬರು ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡು ಹೋಗಿ ಅವಳನ್ನು ಎಳೆದುತಂದರು. ಅವಳ ಜೀವವೇನೋ ಉಳಿಯಿತು. ಆದರೆ ಮೆಟ್ಟಿಲು ಹತ್ತುವಷ್ಟು, ಮಗಳನ್ನು ಕೂಗಿ ಕರೆಯುವಷ್ಟು ಉಸಿರು ಅವಳಲ್ಲಿ ಮತ್ತೆ ತುಂಬಲಿಲ್ಲ.

ವಿಚಾರಣೆ ನಡೆಯಿತು. ಕಾಗದ ಓದಲಾಗಿದೆ, ಸಹಿಗಳಿವೆ, ಓದಿದವರ ಅರ್ಹತೆಗೆ ಶಾಲೆಯ ಮೊಹರಿದೆ. ಯಾರದೂ ತಪ್ಪಿಲ್ಲ ಎಂದು ಬರೆದು ಮುಗಿಸಿದರು.

ಎಂಟನೆಯ ದಿನ ಸೂಪರ್‌ವೈಸರ್ ಶಾಲೆಗೆ ಬಂದ. ಅವನ ಹಿಂದೆ ಬಣ್ಣದ ಕಾರ್ಖಾನೆಯ ಮೇಸ್ತ್ರಿ, ಶೀತಲ ಗೋದಾಮಿನ ಗುಮಾಸ್ತ, ಇನ್ನೂ ಇಬ್ಬರು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ವಿನಯದಿಂದ ನಿಂತಿದ್ದರು.

‘ಚಿನಕುರಳಿ ಬರೋದಿಲ್ಲ ಅಂತಾಳೆ ಮೇಡಂ, ಪಾಪ. ಹಸಿರು ಚೀಟಿ ಇರೋ ಬೇರೆ ಮಗು ಇದ್ರೆ ಕಳಿಸಿ. ಇವರಿಗೂ ಒಂದೊಂದು ಬೇಕಂತೆ.’

ಯಾರನ್ನೂ ಕಳಿಸುವುದಿಲ್ಲ ಎಂದಳು. ಅವರೇನೂ ಬೇಸರಪಡಲಿಲ್ಲ. ಮಕ್ಕಳ ಮನೆಗಳು ನಮಗೆ ಗೊತ್ತು, ತಂದೆತಾಯಿಯರನ್ನೇ ಕೇಳಿಕೊಳ್ಳುತ್ತೇವೆ ಎಂದು ಕೈಮುಗಿದು ಹೋದರು.

ಶಾಲೆ ಬಿಟ್ಟೊಡನೆ ಆಕೆ ಚೀಟಿಗಳನ್ನು ಹಿಂದಕ್ಕೆ ಪಡೆಯಲು ಮನೆಮನೆಗೆ ಹೊರಟಳು. ನಾಲ್ಕು ಸಿಕ್ಕವು. ಐದನೆಯ ಮನೆಯಲ್ಲಿ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಅಲ್ಲಿಯ ಅಜ್ಜಿ ಅದಕ್ಕೆ ಬೆನ್ನೊತ್ತಿ ನಿಂತಳು.

‘ಕೊಟ್ಟದ್ದನ್ನ ವಾಪಸ್ ಕೇಳ್ತಾರೇನಮ್ಮ ತಾಯಿ? ನನ್ನ ಮೊಮ್ಮಗನಿಗೆ ಓದು ಬರೋದಿಲ್ಲ ಅಂತ ನಿಮ್ಮ ಬಾಯಿಂದ ಹೇಳಿ, ಕೊಡ್ತೀನಿ.’

ಟೀಚರಮ್ಮ ಆ ಚೀಟಿಯನ್ನು ಗೋಡೆಯ ಮೇಲೆಯೇ ಬಿಟ್ಟು ಮುಂದಿನ ಮನೆಗೆ ನಡೆದಳು.

ಆರನೆಯ ಮನೆಯ ಬಾಗಿಲು ಮುಚ್ಚಿತ್ತು. ಹೊಸ್ತಿಲ ಹೊರಗೆ ಏಳೆಂಟು ಜೊತೆ ಚಪ್ಪಲಿಗಳು. ತಟ್ಟಲೆಂದು ಎತ್ತಿದ ಕೈ ಹಾಗೆಯೇ ನಿಂತಿತು. ಒಳಗೆ ಆಕೆಯ ಶಿಷ್ಯನೊಬ್ಬ ಇಂಗ್ಲಿಷ್ ಓದುತ್ತಿದ್ದ. ದನಿ ಸ್ಪಷ್ಟ, ಬೆಸುಗೆ ನಯ, ಎಲ್ಲಿಯೂ ತೊಡರಿಲ್ಲ. ಆಕೆ ಎರಡೂ ಕೈಯಿಂದ ಬಾಗಿಲು ಬಡಿಯತೊಡಗಿದಳು. ಓದು ನಡೆದಿರುವಾಗ ಸದ್ದು ಮಾಡಬೇಡಿ ಎಂದು ಒಳಗಿನಿಂದ ಯಾರೋ ಗದರಿದರು. ಹುಡುಗ ಕೊನೆಯ ಸಾಲನ್ನೂ ಮುಗಿಸಿದ.

‘ಭೇಷ್ ಕಂದ,’ ಎಂದಿತು ಗಂಡು ದನಿಯೊಂದು. ‘ಎಲ್ಲರೂ ಸಹಿ ಹಾಕಿ.’