ಸುರಂಗದ ಬಾಯಲ್ಲಿ ಒಂದು ಕೂ

ಮಾರ್ಚ್ ಕೊನೆ, ಬೆಳಿಗ್ಗೆ ಏಳು ಗಂಟೆ. ಸುರಂಗದ ನೀರು ಬೆರಳಿನ ದಪ್ಪಕ್ಕೆ ಇಳಿದಿತ್ತು. ಕಾರಡ್ಕದ ಈ ಗುಡ್ಡವನ್ನು ಅಡ್ಡಕ್ಕೆ ಕೊರೆದು ಆ ನೀರು ತಂದವನು ನಾನು, ನಲವತ್ತೆರಡು ವರ್ಷದ ಹಿಂದೆ. ಮೇಲಿನ ಮನೆಯ ಶಿವಪ್ರಸಾದನಿಗೆ ಒಂದು ದಿನ, ಕೆಳಗಿನ ಮನೆಯ ಐಸಮ್ಮನಿಗೆ ಒಂದು ದಿನ. ಸರದಿ ಮುಗಿದವರು ನೀರು ಹರಿಯುವ ಕಣಿಯನ್ನು ಆಚೆ ತಿರುಗಿಸಿ ಒಂದು ಕೂ ಹಾಕಬೇಕು. ಕೂ ಕೇಳದೆ ಇನ್ನೊಬ್ಬರು ನೀರು ಮುಟ್ಟುವುದಿಲ್ಲ.

ಅಂದು ಕೂ ಕೇಳಲಿಲ್ಲ. ಐಸಮ್ಮ ಕೊಡ ಹಿಡಿದು ಮೇಲೆ ಬಂದು ಬದುವಿನಾಚೆ ನಿಂತಳು.

"ಎಂತ ಶಿವಪ್ರಸಾದಣ್ಣ, ಗಂಟಲು ಕಟ್ಟಿದೆಯಾ?"

"ಜಾಗ ನನ್ನದು. ಇನ್ನು ಸರದಿ ಇಲ್ಲ. ಪಂಚಾಯತಿನ ನೀರಿನ ಲಾರಿ ಬರ್ತದಲ್ಲ."

"ವಾರಕ್ಕೊಮ್ಮೆ. ನನ್ನ ಎಮ್ಮೆಗೆ ಅದನ್ನು ನೀವೇ ಹೇಳಿ."

ಶಿವಪ್ರಸಾದನ ತಂಗಿಯ ಮಗಳು ಉಜ್ವಲಾ ಮೆಟ್ಟಿಲಲ್ಲಿ ಪುಸ್ತಕ ತೆರೆದು ಕೂತಿದ್ದಳು. ಈ ಕೂಗಿನ ಬಗ್ಗೆಯೇ ಕಾಲೇಜಿಗೆ ಬರೆಯಲು ಬಂದವಳು. ಸಮಾಜವನ್ನು ಮೂರು ರೀತಿ ನೋಡಬಹುದು ಅಂತ ಹಿಂದಿನ ದಿನ ನನಗೆ ಹೇಳಿದ್ದಳು. ಪದ್ಧತಿ ಎಲ್ಲರನ್ನೂ ಒಟ್ಟಿಗೆ ಹಿಡಿದು ನಿಲ್ಲಿಸುತ್ತದೆ ಅನ್ನುವುದು ಒಂದು. ಹಿಡಿತ ಇದ್ದವರ ಅನುಕೂಲಕ್ಕೆ ನಡೆಯುತ್ತದೆ ಅನ್ನುವುದು ಇನ್ನೊಂದು. ಎದುರುಬದುರು ನಿಂತವರು ಒಂದು ಕೂಗಿಗೆ, ಒಂದು ನೋಟಕ್ಕೆ ಕೊಡುವ ಅರ್ಥವೇ ಮುಖ್ಯ ಅನ್ನುವುದು ಮತ್ತೊಂದು. ಅವಳು ಮೊದಲನೆಯದನ್ನು ಬರೆದು ಮುಗಿಸಿದ್ದಳು. ಈಗ ಪೆನ್ನು ನಿಂತಿತ್ತು.

"ಮಾವ, ಎರಡು ಮನೆಯನ್ನು ಕೂ ಒಟ್ಟಿಗೆ ಕಟ್ಟಿದೆ ಅಂತ ಬರೆದಿದ್ದೇನೆ. ಹೊಡೆದು ಹಾಕಲಾ?"

"ಅಜ್ಜನನ್ನು ಕೇಳು, ಅರ್ಧ ನೀರು ಕೊಡ್ತೇನೆ ಅಂತ ಮಾತಾಗಿತ್ತಾ ಅಂತ." ಶಿವಪ್ರಸಾದ ನನ್ನತ್ತ ಕೈ ತೋರಿಸಿದ.

ನಾನು ಮಲಗುವುದು ಅವನ ಶೆಡ್ಡಿನಲ್ಲಿ. ಅದು ಅವನಿಗೂ ಗೊತ್ತು, ಐಸಮ್ಮನಿಗೂ ಗೊತ್ತು. ಅವನು ಅವಳ ಮುಖ ನೋಡುತ್ತಿರಲಿಲ್ಲ. ಅವಳು ಬದು ದಾಟುತ್ತಿರಲಿಲ್ಲ.

"ಆಗಿತ್ತು," ಅಂದೆ. "ಸುರಂಗ ಕೊರೆಯುವಾಗ ಇವಳ ಗಂಡ ಪೊಕ್ಕರ್ ಒಳಗೆ ಚಿಮಿಣಿ ದೀಪ ಹಿಡಿದ, ಮಣ್ಣು ಹೊತ್ತ. ಅರ್ಧ ನೀರು ಅವನಿಗೆ ಅಂದವ ನಿನ್ನ ಅಪ್ಪ."

"ಕಾಗದ ಉಂಟಾ?"

"ಇಲ್ಲ. ಕೂ ಉಂಟು. ಅಪ್ಪ ಹಾಕಿದ. ಮೊನ್ನೆಯವರೆಗೆ ನೀನೂ ಹಾಕಿದಿ."

ಉಜ್ವಲಾಳ ಪೆನ್ನು ಓಡತೊಡಗಿತು. "ಇದನ್ನೂ ಬರೀತೇನೆ ಮಾವ. ಮನೆ ಹೆಸರು ಸಮೇತ."

"ನನ್ನ ಶೆಡ್ಡಿನಲ್ಲಿ ಮಲಗಿ ನನಗೇ ಎದುರು ಹೇಳ್ತೀರಲ್ಲ ಅಜ್ಜ," ಅಂದವನೇ ಶಿವಪ್ರಸಾದ ಕಣಿಗೆ ಅಡ್ಡ ಹಾಕಿದ್ದ ಮಣ್ಣನ್ನು ಕಾಲಿನಿಂದ ಒದ್ದು ಮನೆಯೊಳಗೆ ಹೋದ. ನೀರು ಕೆಳಗೆ ತಿರುಗಿತು. ಐಸಮ್ಮ ಅಲ್ಲಾಡಲಿಲ್ಲ. ಕೂ ಬಿದ್ದಿರಲಿಲ್ಲವಲ್ಲ.

ಉಜ್ವಲಾ ಪುಸ್ತಕ ಕೆಳಗಿಟ್ಟು, ಸಣ್ಣ ಸ್ವರದಲ್ಲಿ ಒಂದು ಕೂ ಹಾಕಿದಳು. ಐಸಮ್ಮ ಬದು ದಾಟಿ ನೀರಿಗೆ ಕೊಡ ಇಟ್ಟಳು.

ಹಾಗೆ ಹೇಳಿದ ಮೇಲೆ ಅಲ್ಲಿ ನನಗೆ ಜಾಗವಿರಲಿಲ್ಲ. ಅದೇ ವಾರ ಗುರುವಾರ ಬೆಳಿಗ್ಗೆ ಹಾರೆ ಪಿಕಾಸಿ ಹೊತ್ತುಕೊಂಡು ಆ ಶೆಡ್ಡು ಬಿಟ್ಟು ಹೊರಟವನು ನಾನು.