ಕ್ಲೋವಿಸ್ ಬಳಿದ ಕರಿ ಬಣ್ಣ

ಮೆಕ್ಯಾನಿಕ್ ಹಾಲಿಸ್ ಪಿಕಪ್ಪನ್ನು ಲಿಫ್ಟಿನ ಮೇಲೇರಿಸಿ, ಸಣ್ಣ ಸುತ್ತಿಗೆ ಹಿಡಿದು ಅದರ ಚಾಸಿಯನ್ನು ಮುಂದಿನಿಂದ ಹಿಂದಕ್ಕೆ ಬಡಿಯುತ್ತ ಬಂದ. ಇಂಜಿನ್ನಿನ ಹತ್ತಿರ ಕಬ್ಬಿಣ ಠಣ್ಣೆಂದಿತು. ಕ್ಯಾಬಿನ್ನಿನ ಹಿಂದೆ, ಎಡಗಡೆಗೆ ಬಂದಾಗ ಸದ್ದು ಮಂಕಾಯಿತು. ಇನ್ನೊಂದು ಸಲ ಬಡಿದ, ಸುತ್ತಿಗೆಯ ತಲೆ ಒಳಗೇ ಹೋಯಿತು.

ಗಾಡಿ ತಂದಿದ್ದ ಗೇಲನ್ ಸೀರ್ ಗ್ಯಾರೇಜಿನ ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅಮೆರಿಕದ ಮೇನ್ ರಾಜ್ಯದ ಈ ಉತ್ತರದ ಮೂಲೆಯಲ್ಲಿ ಹಿಮ ಕರಗಲೆಂದು ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಳೆಯ ಗಾಡಿ ಎಂದ ಮೇಲೆ ತುಕ್ಕು ಇದ್ದದ್ದೇ, ಅಲ್ಲಿ ಇಲ್ಲಿ ಒಂದು ತೇಪೆ ಹಾಕಿಸಿದರೆ ವರ್ಷದ ತಪಾಸಣೆಯಲ್ಲಿ ಪಾಸಾಗುತ್ತದೆ ಎಂದುಕೊಂಡೇ ಬಂದಿದ್ದ.

ಹಾಲಿಸ್ ತೂತಿನ ಅಂಚನ್ನು ಬೆರಳಿಂದ ಎಳೆದ. ದಪ್ಪನೆಯ ಕರಿ ಬಣ್ಣ ಸಿಪ್ಪೆಯಂತೆ ಉದ್ದಕ್ಕೆ ಸುಲಿದು ಬಂತು. ಅದರ ಹಿಂದೆ ಜಾಲರಿ ಬಟ್ಟೆ, ಅದರ ಮೇಲೆ ತೂತು ಮುಚ್ಚಲು ಮೆತ್ತಿದ ಲಪ್ಪ. ಲಪ್ಪದ ಹಿಂದೆ ಏನೂ ಇರಲಿಲ್ಲ.

"ಇದನ್ನ ಯಾರು ಮಾಡಿದ್ದು?" ಎಂದು ಹಾಲಿಸ್ ಕೇಳಿದ.

ಗೊತ್ತಿಲ್ಲ ಎಂದ ಗೇಲನ್. ಆದರೆ ಲಪ್ಪದ ಅಂಚಿನುದ್ದಕ್ಕೂ ಹೆಬ್ಬೆರಳು ಸವರಿದ ಗೆರೆ ನೀಟಾಗಿ ಮೂಡಿತ್ತು. ಗರಗಸದ ಹಿಡಿಯಾಗಲಿ, ದೋಣಿಯ ಬಿರುಕಾಗಲಿ, ಗಾಡಿಯ ಹಿಂದಿನ ಯಜಮಾನ, ತನ್ನ ಗೆಳೆಯ ಕ್ಲೋವಿಸ್ ಯಾವುದಕ್ಕೆ ಮೆತ್ತಿದರೂ ಹೀಗೇ ಸವರುತ್ತಿದ್ದ.

"ಬೆಸುಗೆ ಹಾಕೋಣ ಅಂದ್ರೆ ಅದು ಹಿಡ್ಕೊಳ್ಳೋಕೆ ಸುತ್ತ ಒಳ್ಳೇ ಕಬ್ಬಿಣ ಬೇಕಲ್ಲ ಗೇಲನ್. ಇಲ್ಲಿ ಎಲ್ಲೂ ಇಲ್ಲ. ಇದರಲ್ಲಿ ನೀವು ಚಳಿಗಾಲವಿಡೀ ಓಡಾಡಿದ್ದೀರಲ್ಲ, ದೇವರು ದೊಡ್ಡೋನು," ಎಂದ ಹಾಲಿಸ್. ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ, ನಿಧಾನವಾಗಿ, ಮನೆಯವರೆಗೆ ಮಾತ್ರ ಹೋಗಿ ಎಂದು ಬೀಳ್ಕೊಟ್ಟ.

ಗೇಲನ್ ಮದುವೆಯಾದವನಲ್ಲ. ಆಲೂಗಡ್ಡೆ ಹೊಲಗಳಾಚೆ, ನದಿಯ ಕಡೆಗಿನ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ ಇದ್ದ. ಕ್ಲೋವಿಸ್ ತಾರ್ಡಿಫ್ ಮತ್ತು ಅವನು ಸೇರಿ ಕಾಡಿನಲ್ಲಿ ಸೌದೆ ಕಡಿದು ಊರ ಮನೆಗಳಿಗೆ ಹಾಕುತ್ತಿದ್ದರು. ಗಾಡಿ ಕ್ಲೋವಿಸನದು. ದಿನವೂ ಬೆಳಗ್ಗೆ ಅವನೇ ಬಂದು ಗೇಲನ್‌ನನ್ನು ಕೂರಿಸಿಕೊಂಡು ಹೋಗುತ್ತಿದ್ದ. ಹೆಂಡತಿ ಆರ್ಡಿತ್ ಸುತ್ತಿಕೊಟ್ಟ ಪ್ಲೋಯ್ ದೋಸೆಯಲ್ಲಿ ಇಬ್ಬರಿಗೂ ಪಾಲಿರುತ್ತಿತ್ತು. ಹೋದ ಶರತ್ಕಾಲದಲ್ಲಿ ಕ್ಲೋವಿಸ್ ಎದೆನೋವಿನಿಂದ ಸತ್ತ. ಹೂಳಿದ ಮರುವಾರ ಆರ್ಡಿತ್ ಗಾಡಿಯ ಕೀಲಿ ತಂದು ಗೇಲನ್ ಕೈಗಿಟ್ಟಳು.

ಮನೆ ತಲುಪಿದವನೇ ಗೇಲನ್ ಒಂದು ರಟ್ಟು ಹಾಸಿಕೊಂಡು ಗಾಡಿಯಡಿಗೆ ನುಸುಳಿದ. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದ. ಚುಚ್ಚಿದಲ್ಲೆಲ್ಲ ಕಬ್ಬಿಣ ಪದರ ಪದರವಾಗಿ ಎದ್ದು, ಹಪ್ಪಳದ ಚೂರಿನಂತೆ ಮುಖದ ಮೇಲೆ ಉದುರಿತು. ಬಲಗಡೆಯೂ ಹಾಗೆಯೇ ಇತ್ತು, ಅಲ್ಲಿಯೂ ಲಪ್ಪ, ಅಲ್ಲಿಯೂ ಬಣ್ಣ. ಒಂದು ದಿನದಲ್ಲಿ ಮೆತ್ತಿದ್ದಲ್ಲ ಅದು, ವರ್ಷಗಟ್ಟಲೆ ಮೆತ್ತುತ್ತ ಬಂದದ್ದು.

ಆಗ ಒಂದೊಂದೇ ನೆನಪಾಯಿತು. ಕೊನೆಯ ವರ್ಷಗಳಲ್ಲಿ ಕ್ಲೋವಿಸ್ ಸ್ಟೀರಿಂಗ್ ಬಿಟ್ಟುಕೊಡುತ್ತಲೇ ಇರಲಿಲ್ಲ. ಗಾಡಿಗೆ ಅರ್ಧ ಸೌದೆಯನ್ನಷ್ಟೇ ತುಂಬಿ ಎರಡು ಸಲ ಓಡಾಡಿಸುತ್ತಿದ್ದ. ದಿಬ್ಬದ ಇಳಿಜಾರಿನಲ್ಲಿ ಇರುವೆಯಂತೆ ಇಳಿಯುತ್ತಿದ್ದ. ಗೇಲನ್ ಅವನನ್ನು ಅಜ್ಜಿ ಎಂದು ಕರೆದು ಗೋಳು ಹೊಯ್ದುಕೊಳ್ಳುತ್ತಿದ್ದ. ಎದೆಯ ಕಾಯಿಲೆಗೇ ಹೀಗೆ ಎಂದು ಆಮೇಲೆ ಅಂದುಕೊಂಡಿದ್ದ. ಈಗ ರಟ್ಟಿನ ಮೇಲೆ ಅಂಗಾತ ಮಲಗಿದ್ದಂತೆಯೇ ಅವನಿಗೆ ಸಿಟ್ಟು ಬಂತು. ಜಗಳವಾಡೋಣವೆಂದರೆ ಆಸಾಮಿ ಚರ್ಚಿನ ಹಿಂದೆ ಮಣ್ಣಿನಡಿ ಮಲಗಿದ್ದ.

ಮಾರನೆಯ ದಿನ ನಡೆದುಕೊಂಡೇ ಆರ್ಡಿತ್ ಮನೆಗೆ ಹೋದ. ಅವಳು ಕಾಫಿ ಬಗ್ಗಿಸಿದಳು. ಅವನು ಕರಿ ಬಣ್ಣದ ಒಂದು ಸಿಪ್ಪೆಯನ್ನು ಮೇಜಿನ ಮೇಲಿಟ್ಟ. ಅವಳು ಅದನ್ನು ನೋಡಿ ಎದುರಿಗೆ ಕೂತಳು.

"ನಿಂಗೆ ಗೊತ್ತಿತ್ತು," ಎಂದ ಗೇಲನ್.

"ಗೊತ್ತಿತ್ತು. ಹೇಳಿಬಿಡು ಅಂತ ಎಷ್ಟು ಸಲ ಬಡ್ಕೊಂಡೆ. ಗಾಡಿ ಹೋದ್ರೆ ಗೇಲನ್ ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ತಾನೆ, ಪಾಪ, ಅನ್ನೋನು."

"ನನಗೋಸ್ಕರವಾ?"

"ಹಾಗಂತ ಹೇಳೋನು." ಆರ್ಡಿತ್ ಲೋಟವನ್ನು ಮೇಜಿನ ಮೇಲೆ ಸುತ್ತ ತಿರುಗಿಸಿದಳು. "ನಿಜ ಅಂದ್ರೆ ಅವನಿಗೇ ಮನೇಲಿ ಕೂರೋಕೆ ಆಗ್ತಿರ್ಲಿಲ್ಲ. ಈ ಮೇಜಿಗೆ ನನ್ನ ಎದುರಿಗೆ ಕೂತು ಏನು ಮಾತಾಡ್ಬೇಕು ಅಂತ್ಲೇ ಗೊತ್ತಾಗ್ತಿರ್ಲಿಲ್ಲ. ನಿನ್ನ ಜೊತೆ ಏನು ಮಾತಾಡ್ತಿದ್ನೋ."

ತಾವು ಮಾತೇ ಆಡುತ್ತಿರಲಿಲ್ಲ ಎನ್ನಬೇಕೆಂದು ಗೇಲನ್‌ಗೆ ನಾಲಿಗೆಯ ತುದಿಗೆ ಬಂತು. ಬದಲಿಗೆ, ಇಷ್ಟು ಗೊತ್ತಿದ್ದೂ ಕೀಲಿ ತಂದು ಕೊಟ್ಟೆಯಲ್ಲ ಎಂದು ಕೇಳಿದ.

"ಕೊಡಬಾರದಿತ್ತು," ಎಂದಳು ಅವಳು. "ಅಂಗಳದಲ್ಲಿ ಅದು ನಿಂತಿರೋದನ್ನ ನೋಡೋಕಾಗ್ಲಿಲ್ಲ ಕಣೋ. ನಿನ್ನ ಬಗ್ಗೆ ಯೋಚನೆನೇ ಮಾಡ್ಲಿಲ್ಲ."

ಅವಳು ಕ್ಷಮೆ ಕೇಳಲಿಲ್ಲ, ಅವನೂ ಪರವಾಗಿಲ್ಲ ಎನ್ನಲಿಲ್ಲ. ಕಾಫಿ ಅರ್ಧಕ್ಕೇ ಬಿಟ್ಟು ಎದ್ದ.

ಆ ವಾರವೆಲ್ಲ ಗಾಡಿ ಅಂಗಳದಲ್ಲೇ ನಿಂತಿತ್ತು. ಬೇರೆ ಚಾಸಿ ಹುಡುಕಿ ಕೂರಿಸಬಹುದೇ ಎಂದು ಹಾಲಿಸ್‌ನನ್ನು ವಿಚಾರಿಸಿದ. ಈ ಸುತ್ತಮುತ್ತ ಇಷ್ಟು ಹಳೆಯ ಗಾಡಿಗಳೆಲ್ಲ ಇದೇ ಉಪ್ಪು ತಿಂದಿವೆ, ಸಿಕ್ಕರೆ ದಕ್ಷಿಣದ ರಾಜ್ಯಗಳಲ್ಲಿ ಸಿಗಬೇಕು ಎಂದು ಹಾಲಿಸ್ ಹೇಳಿದ. ಗೇಲನ್ ಅಷ್ಟಕ್ಕೇ ಬಿಟ್ಟ. ಚಾಸಿ ಹೊಸದಾದರೂ ಪಕ್ಕದ ಸೀಟಿನಲ್ಲಿ ಯಾರೂ ಕೂರುವವರಿರಲಿಲ್ಲ.

ಗುಜರಿಯವನು ಉದ್ದನೆಯ ಲಾರಿ ತಂದ. ಹಿಂದಿನ ಕೊಂಡಿಗೆ ಸರಪಳಿ ಬಿಗಿದು ಎಳೆಯತೊಡಗಿದ. ಹಿಂದಿನ ಚಕ್ರಗಳು ಲಾರಿಗೆ ಆನಿಸಿದ ಹಲಗೆ ಹತ್ತಿದವು. ಆಮೇಲೆ ಒಣ ಕೊಂಬೆ ಮುರಿದಂಥ ಸದ್ದಾಯಿತು. ಕ್ಯಾಬಿನ್ನಿನ ಹಿಂದೆ ಗಾಡಿ ಮಡಚಿಕೊಂಡಿತು. ಹೊಟ್ಟೆ ನೆಲಕ್ಕೆ ತಾಗಿತು. ಗುಜರಿಯವನು ಬೈದುಕೊಂಡು ಎಳೆಯುವುದನ್ನು ನಿಲ್ಲಿಸಿದ.

ಗೇಲನ್‌ಗೆ ದಿಬ್ಬದ ಇಳಿಜಾರು ಕಣ್ಣಿಗೆ ಕಟ್ಟಿತು. ಹಿಮ ಗಟ್ಟಿಯಾದ ರಸ್ತೆ, ಬೆನ್ನ ಹಿಂದೆ ಸೌದೆ, ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಯಾಗಿ ಹಿಡಿದು ತುಟಿ ಕಚ್ಚಿದ್ದ ಕ್ಲೋವಿಸ್. ಪಕ್ಕದಲ್ಲಿ ತಾನು, ಅಜ್ಜಿ ಎಂದು ನಗುತ್ತಿದ್ದವನು. ಎಷ್ಟೋ ಬೆಳಗುಗಳಲ್ಲಿ ಅವನೊಬ್ಬನೇ ಹೆದರಿದ್ದ. ಹೇಳಿದ್ದರೆ ಇಬ್ಬರೂ ಹೆದರಬಹುದಿತ್ತು. ಹೇಳಿದ್ದರೂ ತಾನು ಹತ್ತಿ ಕೂರುತ್ತಿದ್ದ. ಅದನ್ನು ಅವನಿಗೆ ತಿಳಿಸುವ ದಾರಿ ಈಗ ಇರಲಿಲ್ಲ.

ಇಬ್ಬರೂ ಸೇರಿ ಮುರಿದ ಗಾಡಿಯನ್ನು ಹೇಗೋ ಮೇಲೇರಿಸಿದರು. ಊರ ಕಡೆ ಹೋಗುವುದಿದ್ದರೆ ಹತ್ತಿ, ಬಿಡುತ್ತೇನೆ ಎಂದ ಗುಜರಿಯವನು. ಊರಲ್ಲಿ ಕೆಲಸವೇನೂ ಇರಲಿಲ್ಲ, ಆದರೂ ಗೇಲನ್ ಹತ್ತಿದ. ದಾರಿಯುದ್ದಕ್ಕೂ ಆ ಮನುಷ್ಯ ತನ್ನ ಮಗಳ ಹಾಕಿ ಆಟದ ವಿಷಯ ಹೇಳುತ್ತಲೇ ಹೋದ, ಗೇಲನ್ ತಲೆಯಾಡಿಸುತ್ತ ಕೇಳಿದ. ಸೇತುವೆ ಬಂದಾಗ ಇಲ್ಲೇ ಸಾಕು ಎಂದು ಇಳಿದುಕೊಂಡ.

ಲಾರಿ ಕಣ್ಮರೆಯಾಯಿತು. ಕೆಳಗೆ ನದಿಯ ಮಂಜುಗಡ್ಡೆ ಒಡೆದು ತೇಲುತ್ತಿತ್ತು. ಸ್ವಲ್ಪ ಹೊತ್ತು ಅದನ್ನು ನೋಡಿ, ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು, ಗೇಲನ್ ಬಂದ ದಾರಿಯಲ್ಲೇ ಮನೆಯ ಕಡೆಗೆ ನಡೆಯತೊಡಗಿದ.