ಜಡೆಪ್ಪ ಮಾಡಿದ ರಾಡು

ಕಂಪ್ಲಿಯ ರೇವಣಸಿದ್ದ ಮಾತಿನಲ್ಲಿ ಯಾರನ್ನಾದರೂ ಸೋಲಿಸಬಲ್ಲ ಮನುಷ್ಯ, ತಂಗಿಯೊಬ್ಬಳನ್ನು ಬಿಟ್ಟು. ಅವನ ಅಕ್ಕಿ ಗಿರಣಿಗೆ ಬರುವ ದಲ್ಲಾಳಿಗಳು ಎರಡನೆಯ ಚಹಾ ಮುಗಿಯುವುದರೊಳಗೆ ಅವನ ದಾರಿಗೆ ಬಂದಿರುತ್ತಿದ್ದರು. ತಂಗಿ ಸೌಜನ್ಯ ಮಾತ್ರ ಬರುತ್ತಿರಲಿಲ್ಲ. ಅವಳಿಗೆ ಅಂಡಮಾನಿನ ಕೆಲಸದ ಆರ್ಡರು ಬಂದು ಹನ್ನೊಂದು ದಿನವಾಗಿತ್ತು. ಈ ಹನ್ನೊಂದು ದಿನದಲ್ಲಿ ಅವನು ಒಂದು ಸಲವೂ ಹೋಗಬೇಡ ಅನ್ನಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿಯವನು. ಅದಕ್ಕೇ ಅವನು ಬರೀ ಅವಳ ಕಾರಿನ ಮಾತಾಡುತ್ತಿದ್ದ.

"ಕಾರು ಅಲ್ಲಿಗೆ ನಡಿಯಂಗಿಲ್ಲ ಸೌಜಿ," ಅಂದ ರೊಟ್ಟಿ ಮುರಿಯುತ್ತ. "ಸುತ್ತ ಸಮುದ್ರ, ಉಪ್ಪಿನ ಗಾಳಿ. ವರ್ಷದಾಗ ತುಕ್ಕು ಹಿಡಿದು ತೂತು ಬೀಳತೈತಿ. ಮರಿಯಮ್ಮನಹಳ್ಳಿ ಲಾರಿ ಸಾಹುಕಾರ ಒಬ್ಬಾತ ಕೇಳಾಕತ್ಯಾನ. ಕೊಟ್ಟುಬಿಡು."

"ಕೊಟ್ಟು, ಅಲ್ಲಿ ನಾನು ಹೆಂಗ ಓಡಾಡ್ಲಿ?"

"ನಾನೂ ಅದನ್ನ ಕೇಳಾಕತ್ತೀನಿ," ಅಂದ.

ಎಷ್ಟು ನಯವಾದ ಬಲೆ ನೋಡಿ. ಕಾರು ಅಲ್ಲಿಗೆ ಹೋಗುವಂತಿಲ್ಲ, ಕಾರಿಲ್ಲದೆ ಅವಳು ಹೋಗುವಂತಿಲ್ಲ, ಉಳಿದದ್ದನ್ನು ಅವಳೇ ಹೇಳಿಕೊಳ್ಳಲಿ ಅಂತ ಅವನು ಬದನೆಕಾಯಿ ಪಲ್ಯ ಬಡಿಸಿಕೊಂಡ. ಸೌಜನ್ಯ ಕೈ ತೊಳೆದು ಎದ್ದಳು.

ಅವಳಿಗೆ ಮೂವತ್ತೆಂಟು. ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೋ ಬಲಗಾಲನ್ನು ತೆಗೆದುಕೊಂಡು ಹೋಗಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರು, ಕೈಯಲ್ಲೊಂದು ಕೋಲು. ಓದಿದ್ದು ಮಣ್ಣಿನ ವಿಜ್ಞಾನ. ಕಾಲುವೆ ನೀರು ಕುಡಿದು ಕುಡಿದು ಉಪ್ಪೇರಿ ಸವಳು ಹತ್ತಿದ ಗದ್ದೆಗಳಲ್ಲಿ ಯಾವ ಭತ್ತ ಬದುಕುತ್ತದೆ ಎಂದು ನೋಡುವುದೇ ಹದಿಮೂರು ವರ್ಷದಿಂದ ಅವಳ ಕೆಲಸ. ಅಂಡಮಾನಿನಲ್ಲಿ ಸುನಾಮಿಯ ದಿನ ಸಮುದ್ರ ಒಳನುಗ್ಗಿ ಕೆಡಿಸಿದ ಗದ್ದೆಗಳಿದ್ದವು. ಅಲ್ಲಿ ಭತ್ತ ಎಬ್ಬಿಸುವ ಕೆಲಸಕ್ಕೆ ಅವಳು ಮೂರು ಸಲ ಅರ್ಜಿ ಹಾಕಿದ್ದಳು. ಮೂರನೆಯ ಸಲ ಸಿಕ್ಕಿತ್ತು. ಮುಂದಿನ ತಿಂಗಳು ಒಂದನೇ ತಾರೀಖು ಪೋರ್ಟ್ ಬ್ಲೇರಿನಲ್ಲಿ ಹಾಜರಿರಬೇಕು, ಮೂರು ವರ್ಷ ಇರಬೇಕು.

ಇನ್ನು ಕಾರಿನ ವಿಷಯ. ಆ ಬಿಳಿ ಕಾರಿಗೆ ಕ್ಲಚ್ಚಿಲ್ಲ, ಗೇರು ತಾನೇ ಬೀಳುತ್ತದೆ. ಬ್ರೇಕು, ಆಕ್ಸಿಲೇಟರು ಎರಡಕ್ಕೂ ಕಾಲು ಬೇಡ. ಸ್ಟೇರಿಂಗಿನ ಕೆಳಗಿನಿಂದ ಒಂದು ಕಬ್ಬಿಣದ ರಾಡು ಎಡಗೈಗೆ ಸಿಗುವ ಹಾಗೆ ಬಂದಿದೆ. ಮುಂದಕ್ಕೆ ಒತ್ತಿದರೆ ನಿಲ್ಲುತ್ತದೆ, ಹಿಂದಕ್ಕೆ ಎಳೆದರೆ ಓಡುತ್ತದೆ. ಮಾಡಿಕೊಟ್ಟವನು ಹೊಸಪೇಟೆಯ ಮೆಕ್ಯಾನಿಕ್ ಜಡೆಪ್ಪ. ಅವನು ಮೊದಲು ಸಂಡೂರಿನಲ್ಲಿ ಅದಿರು ಟಿಪ್ಪರುಗಳ ರಿಪೇರಿ ಮಾಡುತ್ತಿದ್ದ. ಗಣಿ ನಿಂತು ಟಿಪ್ಪರುಗಳೆಲ್ಲ ಸಾಲಾಗಿ ನಿಂತಾಗ ಲೇತ್ ಮಷೀನು ಹೇರಿಕೊಂಡು ಹೊಸಪೇಟೆಗೆ ಬಂದ. ಎಂಟು ವರ್ಷದ ಹಿಂದೆ ಸೌಜನ್ಯಳನ್ನು ಸೀಟಿನಲ್ಲಿ ಕೂರಿಸಿ, ಅವಳ ತೋಳಿಗೆ ದಾರ ಹಿಡಿದು ಅಳತೆ ತೆಗೆದು, ಆ ಅಳತೆಗೆ ರಾಡು ಕಡಿದಿದ್ದ. ಹಿಡಿ ಮಾತ್ರ ಹಳೆಯದು, ಗುಜರಿಗೆ ಹೋದ ಟಿಪ್ಪರೊಂದರ ಗೇರಿನ ಗುಂಡು. ಯಾವನೋ ಡ್ರೈವರನ ಅಂಗೈ ಸವೆಸಿ ಸವೆಸಿ ನುಣ್ಣಗಾದದ್ದು.

ಅದಕ್ಕೆ ಮೊದಲು ಅವಳ ಓಡಾಟವೆಲ್ಲ ಅಣ್ಣನ ಹಾರ್ನಿನ ಮೇಲೆ ನಡೆಯುತ್ತಿತ್ತು. ಬೆಳಿಗ್ಗೆ ಅಂಗಳದಲ್ಲಿ ಎರಡು ಸಲ ಹಾರ್ನು ಹೊಡೆದರೆ ಇವಳು ತಿನ್ನುತ್ತಿದ್ದದ್ದು ಬಿಟ್ಟು ಹೊರಡಬೇಕು. ಸಂಜೆ ಗದ್ದೆಯ ಬದುವಿನ ಹತ್ತಿರ ಎರಡು ಸಲ ಹೊಡೆಯುವವರೆಗೆ ಕಾಯಬೇಕು. ಒಂದು ಸಂಜೆ ಬುಕ್ಕಸಾಗರದ ಗದ್ದೆಯಲ್ಲಿ ಅವನಿಗಾಗಿ ಮೂರು ತಾಸು ಕೂತಿದ್ದಳು. ಗಿರಣಿಗೆ ಭತ್ತದ ಲೋಡು ಬಂದು ಅವನು ಮರೆತೇ ಬಿಟ್ಟಿದ್ದ. ನಾಟಿಯ ಹೆಂಗಸರು ಮನೆಗೆ ಹೋದರು, ಸೊಳ್ಳೆ ಮುತ್ತಿದವು, ಕಾಲ್ಮಡಿಗೆ ಹೋಗಬೇಕೆಂದರೆ ಕೆಸರಿನಲ್ಲಿ ಒಬ್ಬಳೇ ಏಳಲಾಗಲಿಲ್ಲ. ಆಮೇಲೆ ಅವನು ಓಡೋಡಿ ಬಂದ, ತಪ್ಪಾಯ್ತು ಅಂದ, ದಾರಿಯಲ್ಲಿ ಬಿಸಿ ಮಿರ್ಚಿ ಕೊಡಿಸಿದ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವಳಿಗೆ ಸಿಟ್ಟು ಮಾಡುವುದು ಸುಲಭವಾಗುತ್ತಿತ್ತು. ಇನ್ನು ಜನ್ಮದಲ್ಲಿ ಯಾರ ಹಾರ್ನಿಗೂ ಕಾಯುವುದಿಲ್ಲ ಎಂದು ಆ ಮಿರ್ಚಿ ತಿನ್ನುತ್ತಲೇ ನಿಶ್ಚಯಿಸಿದ್ದಳು.

ಈಗ ಕಾರನ್ನು ಹಡಗಿಗೆ ಹಾಕಿಯೇ ತೀರುತ್ತೇನೆ ಎಂದು ಕೂತಳು. ಆರ್‌ಟಿಓ ಕಾಗದ ವಿಚಾರಿಸಿದಳು. ಚೆನ್ನೈನ ಏಜೆಂಟನಿಗೆ ಫೋನು ಮಾಡಿದಳು. ಅವನು ಹಡಗಿನ ತಾರೀಖು ನಮ್ಮ ಕೈಯಲ್ಲಿಲ್ಲ, ನೀವು ಹೋಗಿ ತಿಂಗಳಾದ ಮೇಲೆ ಕಾರು ಬಂದರೂ ಬರಬಹುದು ಅಂದ. ಬರಲಿ ಬಿಡಿ ಅಂದಳು. ಪೋರ್ಟ್ ಬ್ಲೇರಿನ ಕೇಂದ್ರದಲ್ಲಿ ಅಂಜಿನಯ್ಯ ಅಂತ ಕುಡತಿನಿ ಕಡೆಯ ಒಬ್ಬ ನೌಕರನಿದ್ದ. ಅವನ ನಂಬರು ಹುಡುಕಿ ಮಾತಾಡಿದಳು.

"ಮೇಡಂ, ಇಲ್ಲಿ ಕಾರು ಮ್ಯಾಲಿಂದ ಮಸ್ತ್ ಕಾಣ್ತಾವ. ತಳ ಮಾತ್ರ ನೋಡಬ್ಯಾಡ್ರಿ," ಅಂದ ಅಂಜಿನಯ್ಯ. "ಹಳೇ ಆಟೋಮ್ಯಾಟಿಕ್ ಕಾರು ಇಲ್ಲೇ ಸಿಗ್ತಾವ್ರಿ. ಆದ್ರ ಕೈಲೆ ಹೊಡಿಯೋ ಹಂಗ ಮಾಡಿಕೊಡೋರನ್ನ ನಾನಂತೂ ನೋಡಿಲ್ರಿ."

ಹಾಗಾದರೆ ನನ್ನದೇ ಬರಬೇಕು, ಮುಗಿಯಿತು ಎಂದುಕೊಂಡಳು. ತಳಕ್ಕೆ ಉಪ್ಪು ಹತ್ತದ ಹಾಗೆ ದಪ್ಪ ಟಾರು ಬಳಿಸೋಣ ಎಂದು ಮರುದಿನವೇ ಹೊಸಪೇಟೆಗೆ ಹೊರಟಳು.

ಜಡೆಪ್ಪ ಕಾರನ್ನು ಜಾಕಿನ ಮೇಲೆ ಎತ್ತಿ, ಗೋಣಿತಟ್ಟು ಹಾಸಿಕೊಂಡು ಕೆಳಗೆ ಹೋದ. ಸ್ಕ್ರೂಡ್ರೈವರಿನಿಂದ ಅಲ್ಲಲ್ಲಿ ಕುಟ್ಟುವ ಸದ್ದು ಕೇಳಿಸಿತು. ನಾಲ್ಕನೆಯ ಏಟಿಗೆ ಸದ್ದೇ ಬರಲಿಲ್ಲ. ಹೊರಗೆ ಬಂದು, ಫೋನಿನಲ್ಲಿ ತೆಗೆದ ಫೋಟೋ ತೋರಿಸಿದ. ಸ್ಕ್ರೂಡ್ರೈವರು ತಳದ ತಗಡಿನಲ್ಲಿ ಹಿಡಿಯ ತನಕ ಇಳಿದಿತ್ತು.

"ಎಂಟು ವರ್ಷ ಸವಳು ಗದ್ದ್ಯಾಗ ಇಳಿಸೀರಲ್ರಿ ಮೇಡಂ. ಕೆಸರು ಒಳಗ ಕುಂತು ತಿಂದುಬಿಟ್ಟೈತಿ. ಬಣ್ಣ ಬಳದ್ರ ಏನೂ ಆಗಂಗಿಲ್ಲ. ಇದು ಹಡಗು ಹತ್ತೋದು ಬ್ಯಾಡ್ರಿ."

ಜೀವಮಾನವೆಲ್ಲ ಉಪ್ಪಿನ ಮಣ್ಣು ಓದಿದವಳ ಕಾರನ್ನು ಅದೇ ಮಣ್ಣು ತಿಂದಿತ್ತು, ಅವಳಿಗೇ ಗೊತ್ತಾಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಣ್ಣನ ಮಾತೇ ನಿಜವಾಯಿತಲ್ಲ ಎಂಬುದು ಉರಿಯಿತು.

"ಅಣ್ಣ ಫೋನ್ ಮಾಡಿದ್ನಾ ನಿಮಗ? ಅವನ ಕಡೆ ಆಗೀರೇನು?"

ಜಡೆಪ್ಪ ಕೈ ಒರೆಸಿಕೊಂಡ. "ಕಾರು ಹೋಗಂಗಿಲ್ಲ ಅಂದ್ನಿ. ನೀವು ಹೋಗಂಗಿಲ್ಲ ಅಂದ್ನೇನ್ರಿ?"

ಅವಳು ಕೋಲೂರಿ ಬಂದು ಕಾರಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ತೆರೆದ ಬಾಗಿಲಿನಿಂದ ಟಿಪ್ಪರಿನ ಹಿಡಿ ಕಾಣುತ್ತಿತ್ತು. ಅದರ ಮೇಲೆ ಅವಳ ಅಂಗೈಯ ಎಂಟು ವರ್ಷದ ಸವೆತ ಇತ್ತು. ತಾನು ಇಷ್ಟು ದಿನ ಹಟ ಹಿಡಿದದ್ದು ಸಾವಿರ ಕಿಲೋ ತಗಡಿಗೆ, ಬೇಕಾಗಿದ್ದದ್ದು ಮಾತ್ರ ಮೂರು ಕಿಲೋ ಕಬ್ಬಿಣ ಎಂದು ಆಗ ಹೊಳೆಯಿತು.

"ಈ ರಾಡು ಬೇರೆ ಕಾರಿಗೆ ಕೂಡತೈತೇನು?"

"ಕೂಡಸಬೋದು. ನಡುವ ಕಡದು, ಒಂದರಾಗ ಒಂದು ಜಾರೋ ಹಂಗ ಪೈಪು ಹಾಕಿದ್ರ ಉದ್ದ ಗಿಡ್ಡ ಮಾಡಕೋಬೋದು. ಆದ್ರ ಅಲ್ಲಿ ಕೂಡಸೋರು ಯಾರ್ರಿ? ನಾನು ಬರಾಕ ಆಗತೈತೇನು?"

"ನೀವು ಬರೋದು ಬ್ಯಾಡ. ನನಗ ಕಲಸ್ರಿ."

ಜಡೆಪ್ಪನಿಗೆ ನಗು ಬಂತು. ನಕ್ಕದ್ದು ಅವನ ತಪ್ಪು. ಸೌಜನ್ಯ ಕೂತಲ್ಲೇ ಕ್ಯಾಲಿಪರಿನ ಪಟ್ಟಿ ಬಿಚ್ಚಿದಳು, ಕೋಲನ್ನು ಗೋಡೆಗೆ ಆನಿಸಿದಳು, ದುಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಗೋಣಿತಟ್ಟಿನ ಮೇಲೆ ಜರುಗುತ್ತ ಹೋಗಿ ತೆರೆದ ಬಾಗಿಲಿನಿಂದ ಸ್ಟೇರಿಂಗಿನ ಕೆಳಗೆ ತಲೆ ಹಾಕಿದಳು. "ಯಾವ ಪಾನಾ ಕೊಡ್ತೀರಿ?" ಎಂದು ಒಳಗಿನಿಂದಲೇ ಕೇಳಿದಳು. ಇನ್ನೇನು ಮಾಡುತ್ತಾನೆ, ಬೋಲ್ಟು ಬಿಚ್ಚುವ ಹದಿಮೂರರ ಪಾನಾ ಕೊಟ್ಟ.

ಜಡೆಪ್ಪ ರಾಡು ಕಡಿದು ಜಾರುವ ಪೈಪು ಹಾಕಿಕೊಟ್ಟ ಮೇಲೆ ನಾಲ್ಕು ದಿನ ಅದೇ ಕೆಲಸ. ಬಿಚ್ಚುವುದು, ಕೂಡಿಸುವುದು, ಮತ್ತೆ ಬಿಚ್ಚುವುದು. ಆರು ಬೋಲ್ಟು, ಎರಡು ಕ್ಲ್ಯಾಂಪು. ಕೇಳುವುದಕ್ಕೆ ಇಷ್ಟೇ. ಮೊದಲ ದಿನ ಅದಕ್ಕೆ ನಾಲ್ಕು ತಾಸು ಹಿಡಿಯಿತು, ಬೆರಳ ಗಂಟಿನ ಚರ್ಮ ಕಿತ್ತುಬಂತು, ಕೈಯ ಗ್ರೀಸು ಹೋಗಲಿಕ್ಕೆ ಸೋಪು ಅರ್ಧ ಕರಗಿತು. ಮನೆಯಲ್ಲಿ ಅಣ್ಣ ಅವಳ ಕೈ ನೋಡಿ, ಕಾರಿಗೆ ತಾನೇ ಟಾರು ಬಳಿಯುತ್ತಿದ್ದಾಳೆ ಎಂದುಕೊಂಡ.

ಜಡೆಪ್ಪ ಹೇಳಿಕೊಟ್ಟದ್ದು ಎರಡೇ ಮಾತು. ಒಂದು, ನಿಲ್ಲಿಸುವುದನ್ನು ಮೊದಲು ಬಿಗಿ, ಓಡಿಸುವುದನ್ನು ಆಮೇಲೆ ಬಿಗಿ. ಎರಡನೆಯದು ಸಂಡೂರಿನ ಟಿಪ್ಪರಿನ ಕಾಲದ ಪದ್ಧತಿ: ಬ್ರೇಕು ಕಟ್ಟಿದವನೇ ಗಾಡಿಯ ಮೊದಲ ಟ್ರಿಪ್ಪಿಗೆ ಕೂರಬೇಕು. ತುಂಬಿದ ಅದಿರು ಹೊತ್ತು ಘಾಟಿ ಇಳಿಯುವ ಗಾಡಿಯಲ್ಲಿ ಮೆಕ್ಯಾನಿಕ್ಕೂ ಕೂತಿದ್ದರೆ ಅವನು ನಟ್ಟನ್ನು ಸಡಿಲ ಬಿಡುವುದಿಲ್ಲ. "ಅಲ್ಲಿ ಯಾರೂ ಗ್ಯಾರಂಟಿ ಕೇಳತಿದ್ದಿಲ್ರಿ, ಜೀವ ಕೇಳತಿದ್ರು," ಅಂದ.

ಮೂರನೆಯ ದಿನ ಅವಳು ಒಂದೂವರೆ ತಾಸಿನಲ್ಲಿ ಕೂಡಿಸಿ ಎದ್ದಳು. ಜಡೆಪ್ಪ ಬಗ್ಗಿ ನೋಡಿದ, ಬಂದು ಪಕ್ಕದ ಸೀಟಿನಲ್ಲಿ ಕೂತ. ಅವಳು ಹಿಡಿ ಎಳೆದಳು, ಕಾರು ಶೆಡ್ಡಿನ ಹಿತ್ತಲಲ್ಲಿ ಮೆಲ್ಲಗೆ ಹೊರಟಿತು. ಒತ್ತಿದಳು. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಹಳೆಯ ಟಯರುಗಳ ಗುಡ್ಡೆಗೆ ಢೀ ಎಂದು ಹೋಗಿ ತಗುಲಿತು.

"ನಿಮಗ ಗೊತ್ತಿತ್ತು," ಅಂದಳು.

"ಬ್ರೇಕಿನ ಕ್ಲ್ಯಾಂಪು ಅರ್ಧ ಸುತ್ತು ಸಡಿಲ ಇತ್ತು. ಗೊತ್ತಿತ್ರಿ."

"ಹೇಳಬಾರ್ದೇನು?"

"ಅಲ್ಲಿ ಯಾರು ಹೇಳ್ತಾರ್ರಿ?"

ಸಿಟ್ಟು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಮತ್ತೆ ಕೆಳಗೆ ಇಳಿದಳು. ನಾಲ್ಕನೆಯ ದಿನ ಐವತ್ತು ನಿಮಿಷ ಹಿಡಿಯಿತು. ಕಾರು ಅವನು ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ ನಿಂತಿತು. ಹತ್ತು ಸಲ ನಿಲ್ಲಿಸಿ ನೋಡಿದಳು, ಹತ್ತು ಸಲವೂ ನಿಂತಿತು. ಅವಳು ರಾಡು ಬಿಚ್ಚಿ, ಪಾನಾದ ಜೊತೆ ಹಳೆಯ ಕಂಬಳಿಯಲ್ಲಿ ಸುತ್ತಿ, ಮರಿಯಮ್ಮನಹಳ್ಳಿಯ ಸಾಹುಕಾರನಿಗೆ ತಾನೇ ಫೋನು ಮಾಡಿದಳು. ತಳ ತೂತಾಗಿದೆ, ನೋಡಿಕೊಂಡು ಒಯ್ಯಿರಿ ಎಂದು ಮೊದಲೇ ಹೇಳಿದಳು. ಕಾರನ್ನು ಶೆಡ್ಡಿನಲ್ಲೇ ಬಿಟ್ಟು, ಕಂಬಳಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕಂಪ್ಲಿಗೆ ಬಂದಳು.

ಕಾರಿಲ್ಲದೆ ಬಸ್ಸಿಳಿದ ತಂಗಿಯನ್ನು ನೋಡಿ ರೇವಣಸಿದ್ದನಿಗೆ ಸಂಕಟವೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು. "ಹೋಗ್ಲಿ ಬಿಡು," ಅಂದ ಪ್ರೀತಿಯಿಂದಲೇ. "ನಾನು ಇಲ್ಲೇನು? ಎಲ್ಲಿಗೆ ಬೇಕಂದ್ರ ಅಲ್ಲಿಗೆ ಬಿಡ್ತೀನಿ. ಬರಾಕ ಆಗಂಗಿಲ್ಲಂತ ಆರ್ಡರಿಗೆ ಒಂದು ಕಾಗದ ಬರದು ಹಾಕು."

"ಬೆಳಿಗ್ಗೆ ನೋಡೋಣ," ಅಂದಳು ಸೌಜನ್ಯ.

ರೇವಣಸಿದ್ದ ಹೋದ ವರ್ಷ ಒಂದು ದೊಡ್ಡ ಕರಿ ಕಾರು ತೆಗೆದುಕೊಂಡಿದ್ದ. ಅದೂ ಕ್ಲಚ್ಚಿಲ್ಲದ್ದೇ. ಧೂಳು ಹತ್ತುತ್ತದೆ ಅಂತ ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ಅದರ ಎರಡನೆಯ ಕೀಲಿ ಗಿರಣಿಯ ಆಫೀಸಿನಲ್ಲಿ ಬಸವಣ್ಣನ ಫೋಟೋದ ಕೆಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು. ಬೆಳಿಗ್ಗೆ ಅವನು ಸ್ನಾನ, ಪೂಜೆ ಎಂದು ಒಳಗಿರುವಾಗ ಸೌಜನ್ಯ ಅದನ್ನೂ ಕಂಬಳಿಯ ಗಂಟನ್ನೂ ತೆಗೆದುಕೊಂಡು ಅಂಗಳಕ್ಕೆ ಹೋದಳು. ಗೊತ್ತಿಲ್ಲದ ಕಾರು, ಪೆಡಲುಗಳು ಬೇರೆ ಎತ್ತರದಲ್ಲಿದ್ದವು. ಪೈಪನ್ನು ಎರಡು ಬೆರಳು ಜಾರಿಸಿ ಉದ್ದ ಮಾಡಿದಳು. ಬ್ರೇಕಿನ ಕ್ಲ್ಯಾಂಪು ಮೊದಲು. ಬಿಗಿದಳು, ಕೈಯಿಂದ ಜಗ್ಗಿ ನೋಡಿದಳು, ಮತ್ತೆ ಅರ್ಧ ಸುತ್ತು ಬಿಗಿದಳು. ಆಮೇಲೆ ಆಕ್ಸಿಲೇಟರು. ಐವತ್ತೈದು ನಿಮಿಷವಾಯಿತು. ಅಂಗಳದಲ್ಲಿ ಮೂರು ಸುತ್ತು ಹೊಡೆದಳು, ಮೂರು ಸಲ ಭತ್ತದ ಚೀಲಗಳ ಮುಂದೆ ಬೇಕೆಂದೇ ನಿಲ್ಲಿಸಿದಳು.

ಆಮೇಲೆ ಬಾಗಿಲ ಮುಂದೆ ತಂದು ಎರಡು ಸಲ ಹಾರ್ನು ಹೊಡೆದಳು.

ರೇವಣಸಿದ್ದ ಬಾಯಲ್ಲಿ ಉಪ್ಪಿಟ್ಟಿನ ತುತ್ತಿಟ್ಟುಕೊಂಡೇ ಹೊರಗೆ ಬಂದ. ತನ್ನ ಕಾರಿನಲ್ಲಿ, ತನ್ನ ಜಾಗದಲ್ಲಿ ತಂಗಿ ಕೂತಿದ್ದಳು. ಸ್ಟೇರಿಂಗಿನ ಕೆಳಗೆ ಆ ಹಳೆಯ ಟಿಪ್ಪರಿನ ಹಿಡಿ ಇತ್ತು. ಅವನು ಅದನ್ನು ನೋಡಿದ, ಅವಳ ಕೈಯ ಗಾಯಗಳನ್ನು ನೋಡಿದ. ಟಾರು ಅಂದುಕೊಂಡಿದ್ದು ಏನೆಂದು ಈಗ ತಿಳಿಯಿತು.

"ಯಾರು ಕೂಡಿಸಿದ್ರು ಇದನ್ನ?"

"ನಾನು. ಹೊಸಪೇಟೆಗೆ ಹೋಗೋದೈತಿ, ಚೆನ್ನೈಗೆ ಹೋಗಿ ವಿಮಾನ ಹತ್ತೋ ಮುಂಚೆ ಸಾಮಾನು ತರಬೇಕು. ಕುಂದ್ರು."

"ಸರಿ, ಇಳಿ. ನಾನು ಹೊಡೀತೀನಿ."

"ಇಲ್ಲ. ಬ್ರೇಕು ಕಟ್ಟಿದೋರೇ ಮೊದಲ ಟ್ರಿಪ್ ಹೊಡೀಬೇಕು."

ಮಾತಿನಲ್ಲಿ ಊರನ್ನೇ ಗೆಲ್ಲುವ ರೇವಣಸಿದ್ದ ಚಪ್ಪಲಿ ಮೆಟ್ಟಿಕೊಂಡು, ಕಾರಿನ ಮುಂದಿನಿಂದ ಸುತ್ತಿ ಬಂದು ಎಡಗಡೆ ಕೂತ. ಪ್ಲಾಸ್ಟಿಕ್ಕು ಪರಪರ ಅಂದಿತು. ತಂಗಿ ಓಡಿಸುವಾಗ ಅವನು ಪಕ್ಕದಲ್ಲಿ ಕೂತದ್ದು ಅದೇ ಮೊದಲು. ಎಂಟು ವರ್ಷದಲ್ಲಿ ಒಂದು ಸಲವೂ ಬಾ ಎಂದು ಅವಳು ಕರೆದಿರಲಿಲ್ಲ, ಬರುತ್ತೇನೆ ಎಂದು ಅವನೂ ಅಂದಿರಲಿಲ್ಲ.

ಊರು ದಾಟಿದ ಮೇಲೆ ಅವಳು ವೇಗ ಏರಿಸಿದಳು. ಎದುರಿಗೆ ಲಾರಿ ಬಂದಾಗಲೆಲ್ಲ ಅವನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಿತ್ತು. ಅಲ್ಲಿ ಬ್ರೇಕಿರಲಿಲ್ಲ. ಅವಳಿಗೆ ಅದು ಕಾಣಿಸಿತು. ಬುಕ್ಕಸಾಗರದ ಗದ್ದೆಗಳು ಬಂದವು, ಅವಳು ಮೂರು ತಾಸು ಕೂತಿದ್ದ ಬದುವೂ ಬಂತು. ಅಲ್ಲಿ ಒಬ್ಬ ಮುದುಕ ಎಮ್ಮೆಗಳನ್ನು ರಸ್ತೆಗೆ ಇಳಿಸಿದ. ಸೌಜನ್ಯ ಹಿಡಿ ಒತ್ತಿದಳು, ಕಾರು ಮೆತ್ತಗೆ ನಿಂತಿತು, ಎಮ್ಮೆಗಳು ತಮ್ಮ ಪಾಡಿಗೆ ದಾಟಿದವು.

ರೇವಣಸಿದ್ದ ಆ ಬದುವನ್ನೇ ನೋಡುತ್ತಿದ್ದ. ಅವನೂ ಮರೆತಿರಲಿಲ್ಲ.

"ಇದನ್ನ ಬಿಚ್ಚಾಕ ಎಷ್ಟೊತ್ತು ಬೇಕು?" ಅಂತ ಕೇಳಿದ.

"ಇಪ್ಪತ್ತು ನಿಮಿಷ. ಮನಿಗೆ ಹೋಗಿ ಬಿಚ್ಚಿಕೊಡ್ತೀನಿ."

"ಬ್ಯಾಡ," ಅಂದ. "ಚೆನ್ನೈದಾಗ ಬಿಚ್ಚು. ಅಲ್ಲಿತನಕ ನೀನೇ ಹೊಡಿ, ನಾನು ಪಕ್ಕಕ್ಕ ಕುಂದ್ರತೀನಿ."

ಕೊನೆಯ ಎಮ್ಮೆ ದಾಟಿತು. ಸೌಜನ್ಯ ಹಿಡಿಯನ್ನು ಹಿಂದಕ್ಕೆ ಎಳೆದಳು.